ಕಾರಿನ ಕೀ, ಬಾಗಿಲ ಬೀಗ ನಾವೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ರಾಜಾಜಿನಗರದ ನಮ್ಮ ಬೀದಿಯಲ್ಲಿ ಯಾರ ಕಾರಿನ ಬಾಗಿಲು ಕಚ್ಚಿಕೊಂಡರೂ ನಮ್ಮ ಮನೆಯ ಬೆಲ್ ಆಗುತ್ತದೆ. ನಾನು ಗ್ಯಾರೇಜಿನವನಲ್ಲ. ಸ್ವಂತ ಕಾರಿನ ಸಣ್ಣಪುಟ್ಟ ಕೆಲಸವನ್ನು ಇಪ್ಪತ್ತು ವರ್ಷದಿಂದ ಮನೆ ಮುಂದೆಯೇ ಮಾಡಿಕೊಂಡು ಬಂದವನು. ಅಕ್ಕಪಕ್ಕದವರು, ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನು ಮಾತ್ರ ಕೇಳಿಸಿಕೊಳ್ಳಿ: ನಿಮ್ಮ ಹತ್ತಿರ ಈಗ ಒಂದೇ ಕೀ ಇದ್ದರೆ ಈ ವಾರವೇ ಇನ್ನೊಂದು ಮಾಡಿಸಿ.

ಕಾರಿನ ಕೀ ನಾವೇ ಬದಲಿಸಿಕೊಳ್ಳಬಹುದಾ?

ಅರ್ಧ ಕೆಲಸ ನಾವು ಮಾಡಬಹುದು, ಇನ್ನರ್ಧಕ್ಕೆ ಯಂತ್ರ ಬೇಕು. ಯಾವ ಅರ್ಧ ಅಂತ ತಿಳಿಯಬೇಕಾದರೆ ಕೀಯೊಳಗೆ ಏನೇನಿದೆ ಅಂತ ಗೊತ್ತಿರಬೇಕು.

ಈಗಿನ ಸಾಮಾನ್ಯ ಕೀಯಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ಲೋಹದ ಕಡ್ಡಿ. ಬೀಗದೊಳಗಿನ ಹಲ್ಲುಗಳನ್ನು ಸರಿಯಾದ ಎತ್ತರಕ್ಕೆ ತರುವುದಷ್ಟೇ ಅದರ ಕೆಲಸ. ಎರಡನೆಯದು ರಿಮೋಟ್. ಬಟನ್ ಒತ್ತಿದಾಗ ಬಾಗಿಲು ತೆಗೆಯುವ, ಹಾಕುವ ಭಾಗ ಇದು. ನಮ್ಮ ದೇಶದ ಕಾರುಗಳಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಬ್ಯಾಟರಿ ಬೇಕು. ಮೂರನೆಯದು ಇಮೊಬಿಲೈಸರ್ ಚಿಪ್. ಇದಕ್ಕೆ ಬ್ಯಾಟರಿಯೇ ಬೇಡ. ಇಗ್ನಿಷನ್ ಬೀಗದ ಸುತ್ತ ಬಳೆಯಂಥ ಒಂದು ಕಾಯಿಲ್ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಅದು 125 ಕಿಲೋಹರ್ಟ್ಸ್ ಅಲೆ ಬಿಡುತ್ತದೆ. ಚಿಪ್ಪು ಆ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಹೊಂದಿದರೆ ಮಾತ್ರ ಇಂಜಿನ್ ಓಡುತ್ತದೆ.

ರಿಮೋಟಿನ ಬ್ಯಾಟರಿ ಸತ್ತಿದ್ದರೂ ಕೀ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡಲು ಆಗುವುದು ಈ ಕಾರಣಕ್ಕೇ. ಕಡ್ಡಿ, ಕವರು, ಬಟನ್ನು, ಬ್ಯಾಟರಿ ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸಲು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಕಿಂಡಿಗೆ, ಸ್ಕ್ಯಾನರ್ ಹಾಕಬೇಕು, ಹೆಚ್ಚಿನ ಕಾರುಗಳಲ್ಲಿ ಕಂಪನಿಯ ಪಿನ್ ನಂಬರ್ ಕೂಡ ಬೇಕು. ಕೈಯಲ್ಲಿರುವ ಕೀಗಳಿಂದಲೇ ಹೊಸದನ್ನು ಸೇರಿಸಿಕೊಳ್ಳುವ ಸೌಕರ್ಯ ಕೆಲವೇ ಮಾಡೆಲ್‌ಗಳಲ್ಲಿದೆ. ನಿಮ್ಮದರಲ್ಲಿ ಇದೆಯಾ ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ನನ್ನ ಕೀಯಲ್ಲಿ ಚಿಪ್ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಇಗ್ನಿಷನ್ ಆನ್ ಮಾಡಿದಾಗ ಮೀಟರ್ ಬೋರ್ಡಿನಲ್ಲಿ ಕೀ ಇಲ್ಲವೇ ಕಾರು-ಬೀಗದ ಚಿತ್ರದ ದೀಪವೊಂದು ಹತ್ತಿ ಆರಿದರೆ ಚಿಪ್ ಇದೆ. ಮಾರುತಿಯವರು ಈ ಚಿಪ್ ವ್ಯವಸ್ಥೆಯನ್ನು ಐಕ್ಯಾಟ್ಸ್ ಅಂತ ಕರೆಯುತ್ತಾರೆ. 1980ರ, 90ರ ದಶಕದ ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿಗಳಲ್ಲಿ ಬರೀ ಲೋಹದ ಕೀ. ಅವಕ್ಕೆ ನಕಲು ಕೊರೆಸಿದರೆ ಸಾಕು, ಗಾಡಿ ಓಡುತ್ತದೆ.

ಚಿಪ್ ಇರುವ ಕಾರಿಗೆ ಚಿಪ್ ಇಲ್ಲದ ನಕಲು ಕೀ ಹಾಕಿದರೆ ಬಾಗಿಲು ತೆರೆಯುತ್ತದೆ, ಸ್ಟೀರಿಂಗ್ ಬೀಗ ಬಿಡುತ್ತದೆ. ಇಂಜಿನ್ ಮಾತ್ರ ಹತ್ತುವುದೇ ಇಲ್ಲ, ಇಲ್ಲವೇ ಒಂದೆರಡು ಸೆಕೆಂಡು ಓಡಿ ನಿಂತುಬಿಡುತ್ತದೆ. ಆ ದೀಪ ಮಿಣುಕುತ್ತಲೇ ಇರುತ್ತದೆ. ಇದನ್ನು ಪೆಟ್ರೋಲ್ ಪಂಪ್ ಕೆಟ್ಟಿದೆ ಅಂತ ತಿಳಿದು ದುಡ್ಡು ಕಳೆದುಕೊಂಡವರಿದ್ದಾರೆ. ಮೊದಲು ದೀಪ ನೋಡಿ.

ಫುಟ್‌ಪಾತಿನಲ್ಲಿ ಛತ್ರಿ ಹಾಕಿಕೊಂಡು ಕೂತವರ ಹತ್ತಿರ ನಕಲು ಕೀ ಮಾಡಿಸಬಹುದಾ?

ಕಡ್ಡಿ ಕೊರೆಯುವುದರಲ್ಲಿ ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಬರೀ ಅರದಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಎರಡು ಸಲ ಉಜ್ಜಿ ಬೀಗ ತೆರೆಸುವವರನ್ನು ನೋಡಿದ್ದೇನೆ. ಬಾಗಿಲಿಗೆ, ಡಿಕ್ಕಿಗೆ ಅಂತ ಒಂದು ಸಾದಾ ಕೀ ಬೇಕಿದ್ದರೆ ಧಾರಾಳವಾಗಿ ಮಾಡಿಸಿ.

ಎರಡು ವಿಷಯ ನೆನಪಿಡಿ. ನಕಲಿನ ಮೇಲೆ ನಕಲು ಮಾಡಿಸಬೇಡಿ. ಸವೆದ ಕೀಯ ಸವಕಳಿಯೂ ಹೊಸದರಲ್ಲಿ ಮೂಡುತ್ತದೆ, ಮೂರನೇ ನಕಲಿನ ಹೊತ್ತಿಗೆ ಬೀಗ ತಡವರಿಸುತ್ತದೆ. ಕಾರು ಕೊಂಡಾಗ ಕೀ ಗೊಂಚಲಿನ ಜೊತೆ ನಂಬರ್ ಒತ್ತಿದ ಪುಟ್ಟ ಬಿಲ್ಲೆ ಕೊಟ್ಟಿರುತ್ತಾರೆ. ಆ ನಂಬರ್ ಇಟ್ಟುಕೊಂಡು ಕೊರೆದ ಕೀ ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಇರುತ್ತದೆ. ಆ ಬಿಲ್ಲೆ ಕೀ ಗೊಂಚಲಿನಲ್ಲಿ ಇರಬಾರದು, ಬೀರುವಿನಲ್ಲಿರಬೇಕು. ಇನ್ನೊಂದು, ಕೀ ಮಾಡುವಾಗ ಪಕ್ಕದಲ್ಲೇ ನಿಂತಿರಿ. "ಸಂಜೆ ಬಂದು ತಗೊಂಡು ಹೋಗಿ" ಅಂದರೆ ಕೀ ಬಿಟ್ಟು ಬರಬೇಡಿ.

ಒಂದು ಕೀ ಇದೆಯಲ್ಲ, ಎರಡನೆಯದಕ್ಕೆ ಯಾಕೆ ಇಷ್ಟು ಅವಸರ?

ಕೆಲಸ ಮಾಡುವ ಕೀ ಕೈಯಲ್ಲಿದ್ದರೆ ಕಾರನ್ನು ನೀವೇ ಓಡಿಸಿಕೊಂಡು ಸರ್ವಿಸ್ ಸೆಂಟರಿಗೆ ಹೋಗುತ್ತೀರಿ. ಹೊಸ ಕೀ ತರಿಸಿ, ಸ್ಕ್ಯಾನರಿನಲ್ಲಿ ಸೇರಿಸಿ ಕೊಡುತ್ತಾರೆ. ಇರುವ ಒಂದೂ ಹೋದರೆ ಕಾರನ್ನು ಟೋ ಮಾಡಿಸಬೇಕು, ಬಾಗಿಲು ತೆಗೆಸಬೇಕು, ಮಾಲೀಕರು ನೀವೇ ಅಂತ ದಾಖಲೆ ತೋರಿಸಬೇಕು, ಕೀ ಬರುವವರೆಗೆ ಕಾಯಬೇಕು. ಕೆಲವು ಮಾಡೆಲ್‌ಗಳಲ್ಲಿ ಪೂರ್ತಿ ಲಾಕ್ ಸೆಟ್ಟು, ಕೆಲವು ಕಡೆ ಇಮೊಬಿಲೈಸರ್ ಯೂನಿಟ್ಟು ಕೂಡ ಬದಲಿಸಬೇಕಾಗುತ್ತದೆ. ಖರ್ಚು ಎಷ್ಟೋ ಪಟ್ಟು ಏರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುವ ಗಾದೆ ನೆನಪಾಗುವುದು ಅಂಥ ದಿನ.

ಇದ್ದ ಕೀಗಳೆಲ್ಲ ಕಳೆದುಹೋಗಿವೆ. ಈಗೇನು?

ಮೊದಲು ಪೊಲೀಸರಿಗೆ ತಿಳಿಸಿ. ಬರೀ ಕಳೆದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ದಾಖಲಿಸಬಹುದು. ಕದ್ದಿದ್ದಾರೆ ಅಂತ ಅನುಮಾನವಿದ್ದರೆ ಠಾಣೆಗೇ ಹೋಗಿ ದೂರು ಕೊಡಿ. ಆಮೇಲೆ ಆರ್‌ಸಿ, ನಿಮ್ಮ ಗುರುತಿನ ಚೀಟಿ, ದೂರಿನ ಪ್ರತಿ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ. 17 ಅಂಕಿ-ಅಕ್ಷರಗಳ ಛಾಸಿಸ್ ನಂಬರಿನ ಮೇಲೆ ಕೀ ತರಿಸುತ್ತಾರೆ.

ಹೊಸ ಕೀ ಸೇರಿಸುವಾಗಲೇ "ಹಳೆಯ ಕೀಗಳನ್ನೆಲ್ಲ ಅಳಿಸಿಬಿಡಿ" ಅಂತ ಬಾಯಿಬಿಟ್ಟು ಹೇಳಿ. ಅಳಿಸಿದ ಮೇಲೆ ಕಳೆದ ಕೀ ಸಿಕ್ಕವನಿಗೆ ಇಂಜಿನ್ ಹತ್ತುವುದಿಲ್ಲ. ಆದರೆ ಲೋಹದ ಕಡ್ಡಿಯಿಂದ ಬಾಗಿಲು ಈಗಲೂ ತೆರೆಯುತ್ತದೆ ಎನ್ನುವುದನ್ನು ಮರೆಯಬಾರದು. ಕೀ ಕಳೆದದ್ದು ನಿಮ್ಮ ಮನೆ, ಆಫೀಸಿನ ಸುತ್ತಮುತ್ತಲೇ ಆಗಿದ್ದರೆ ಬಾಗಿಲ ಬೀಗವನ್ನೂ ಬದಲಿಸಿ.

ರಿಮೋಟಿನ ಬ್ಯಾಟರಿ ಹಾಕುವುದು ಹೇಗೆ?

ಕೀಯ ಅಂಚಿನಲ್ಲಿ ಉಗುರು ಹೋಗುವಷ್ಟು ಸಣ್ಣ ಕಚ್ಚು ಇರುತ್ತದೆ. ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ನಿಧಾನ ತಿರುಗಿಸಿ. ಒಳಗಿನ ಬಿಲ್ಲೆ ಬ್ಯಾಟರಿ ಹೆಚ್ಚಾಗಿ ಸಿಆರ್2032, ಕೆಲವದರಲ್ಲಿ ಸಿಆರ್2025, ಸಿಆರ್1632, ಸಿಆರ್1620. ಮೊದಲೆರಡು ಅಂಕಿ ಅಗಲ, ಮಿಲಿಮೀಟರಿನಲ್ಲಿ. ಉಳಿದೆರಡು ದಪ್ಪ: 32 ಅಂದರೆ 3.2 ಮಿಲಿಮೀಟರ್. ಎಲ್ಲವೂ 3 ವೋಲ್ಟೇ ಆದ್ದರಿಂದ "ಇದೂ ಆಗತ್ತೆ" ಅಂತ ಅಂಗಡಿಯವರು ತೆಳ್ಳಗಿನದನ್ನು ಕೊಟ್ಟರೆ ತಗೊಳ್ಳಬೇಡಿ, ಒಳಗೆ ಅಲ್ಲಾಡುತ್ತದೆ. ತೆಗೆಯುವ ಮುಂಚೆ ಪ್ಲಸ್ ಯಾವ ಕಡೆ ಇದೆ ಅಂತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಲೇಬೇಡಿ. ನುಂಗಿದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಸತ್ತ ಬ್ಯಾಟರಿ ಅಂತ ಉದಾಸೀನ ಬೇಡ, ರಿಮೋಟಿಗೆ ಸಾಲದ ಬಿಲ್ಲೆಯಲ್ಲೂ ಅಷ್ಟು ಕಸುವು ಉಳಿದಿರುತ್ತದೆ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಿ.

ಕೀ ಕವರ್ ಒಡೆದಿದೆ, ಬಟನ್ ರಬ್ಬರು ಹರಿದಿದೆ. ಹೊಸ ಕೀಯೇ ತಗೋಬೇಕಾ?

ಬೇಡ. ಖಾಲಿ ಕವರು, ಅಂದರೆ ಶೆಲ್ಲು, ಬೇರೆಯಾಗಿ ಸಿಗುತ್ತದೆ. ಹಳೆಯ ಕೀಯ ಒಳಗಿನದ್ದನ್ನೆಲ್ಲ ಅದಕ್ಕೆ ಸಾಗಿಸಿದರೆ ಆಯಿತು, ಪ್ರೋಗ್ರಾಮಿಂಗ್ ಬೇಕಿಲ್ಲ. ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಹೆಚ್ಚು ದುಡ್ಡು ಉಳಿಸುವುದು ಇದೇ, ಹೆಚ್ಚು ಜನ ಎಡವುವುದೂ ಇದರಲ್ಲೇ.

ಎಡವುವುದು ಚಿಪ್ಪಿನ ವಿಷಯದಲ್ಲಿ. ಕೆಲವು ಕೀಗಳಲ್ಲಿ ಚಿಪ್ಪು ರಿಮೋಟಿನ ಬೋರ್ಡಿನ ಮೇಲೇ ಬೆಸುಗೆಯಾಗಿರುತ್ತದೆ. ಎಷ್ಟೋ ಕೀಗಳಲ್ಲಿ ಬೇರೆಯಾಗಿ ಒಂದು ಗೂಡಿನಲ್ಲಿ ಕೂತಿರುತ್ತದೆ: ಅಕ್ಕಿಕಾಳಿನಂಥ ಗಾಜಿನ ಕೊಳವೆ, ಇಲ್ಲವೇ ಕಪ್ಪು ಬಣ್ಣದ, ಒಂದು ಕಡೆ ಚೂಪಾದ ಪುಟ್ಟ ತುಂಡು. ಬೋರ್ಡು ಸಾಗಿಸಿ, ಹಳೆಯ ಕವರನ್ನು ಕಸಕ್ಕೆ ಎಸೆದು, ಆಮೇಲೆ "ಬಾಗಿಲು ತೆರೆಯುತ್ತೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತ ಬಂದವರು ನನಗೆ ಮೂವರು ಗೊತ್ತು. ಒಬ್ಬರು ಬೆಳಗ್ಗೆ ಕಸದ ಆಟೋ ಬರುವ ಮುಂಚೆ ಬಕೆಟ್ ಕೆದಕಿ ಚಿಪ್ಪು ಹುಡುಕಿದರು.

ನಾನು ಮಾಡುವ ರೀತಿ ಹೀಗೆ. ಬಿಳಿ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಊಟದ ತಟ್ಟೆಯೊಳಗೆ ಹಾಸುತ್ತೇನೆ. ಏನು ಬಿದ್ದರೂ ಪುಟಿಯುವುದಿಲ್ಲ, ಉರುಳುವುದಿಲ್ಲ. ಕವರನ್ನು ಟವೆಲ್ಲಿನ ಮೇಲೇ ಬಿಡಿಸುತ್ತೇನೆ. ಚಿಪ್ಪಿಗೆ ತಟ್ಟಿದ ಗೋಂದಿದ್ದರೆ ಹೇರ್ ಡ್ರೈಯರಿನ ಉಗುರುಬೆಚ್ಚಗಿನ ಗಾಳಿ ಕೊಟ್ಟು, ಹಲ್ಲುಕಡ್ಡಿಯಲ್ಲಿ ಎಬ್ಬಿಸುತ್ತೇನೆ. ಸ್ಕ್ರೂಡ್ರೈವರ್ ತಾಗಿಸುವುದಿಲ್ಲ, ಗಾಜು ಒಡೆದರೆ ಅಲ್ಲಿಗೆ ಮುಗಿಯಿತು. ಚಿಪ್ಪು ಹೊಸ ಗೂಡಿಗೆ ಸೇರಿದ ಮೇಲೇ ಉಳಿದ ಕೆಲಸ. ಮಡಚುವ ಕೀ ಆದರೆ ಕಡ್ಡಿಯನ್ನು ಹಿಡಿದಿರುವ ಸಣ್ಣ ಪಿನ್ನನ್ನು ತೆಳು ಮೊಳೆಯಿಂದ ತಟ್ಟಿ ಹೊರಗೆ ಹಾಕಬೇಕು. ಒಳಗಿನ ಸ್ಪ್ರಿಂಗನ್ನು ಎರಡು ಸುತ್ತು ಬಿಗಿ ಮಾಡಿ ಕೂರಿಸದಿದ್ದರೆ ಕಡ್ಡಿ ಪೂರ್ತಿ ಹೊರಗೆ ಹಾರುವುದಿಲ್ಲ. ಹೊಸ ಕೀಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ನೋಡುವವರೆಗೆ ಹಳೆಯ ಕವರು ಎಸೆಯಬೇಡಿ.

ಕವರು ಸರಿಯಿದ್ದು ಬಟನ್ ಮಾತ್ರ ಸತ್ತಿದ್ದರೆ ಬೋರ್ಡಿನ ಮೇಲಿನ ಮೈಕ್ರೋ ಸ್ವಿಚ್ ಹೋಗಿದೆ ಅಂತ ಅರ್ಥ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಂಥ ಸ್ವಿಚ್ ಕೆಲವೇ ರೂಪಾಯಿಗೆ ಸಿಗುತ್ತದೆ. ಬೆಸುಗೆ ಕೈಗೆ ಹಿಡಿದಿದ್ದರೆ ನೀವೇ ಹಾಕಿ, ಇಲ್ಲವಾದರೆ ಮೊಬೈಲ್ ರಿಪೇರಿಯವರಿಗೆ ಐದು ನಿಮಿಷದ ಕೆಲಸ.

ಬಟನ್ ಸ್ಟಾರ್ಟ್ ಕಾರು. ಕೀ ಬ್ಯಾಟರಿ ಪೂರ್ತಿ ಸತ್ತಿದೆ, ಒಳಗೇ ಹೋಗಲು ಆಗುತ್ತಿಲ್ಲ.

ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಲೋಹದ ಕಡ್ಡಿಯೊಂದು ಅಡಗಿರುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿ ಎಳೆದರೆ ಬರುತ್ತದೆ. ಡ್ರೈವರ್ ಬಾಗಿಲ ಹಿಡಿಯಲ್ಲಿ ಬೀಗದ ತೂತು ಕಾಣದಿದ್ದರೆ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ, ಅದನ್ನು ಕಳಚಿ. ಒಳಗೆ ಕೂತ ಮೇಲೆ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಇಂಜಿನ್ ಹತ್ತುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕೀ ಇಡಲು ಬೇರೆ ಜಾಗವಿದೆ. ಇದನ್ನು ಕಷ್ಟ ಬಂದ ದಿನ ಕಲಿಯುವ ಬದಲು ಈ ಭಾನುವಾರ ಮನೆ ಮುಂದೆ ಒಂದು ಸಲ ಮಾಡಿ ನೋಡಿ.

ಇಗ್ನಿಷನ್‌ನಲ್ಲಿ ಕೀ ತಿರುಗುತ್ತಿಲ್ಲ.

ಇಳಿಜಾರಿನಲ್ಲೋ ಫುಟ್‌ಪಾತಿಗೆ ಚಕ್ರ ತಾಗಿಸಿಯೋ ನಿಲ್ಲಿಸಿದ್ದೀರಾ? ಹಾಗಿದ್ದರೆ ಬಹುಶಃ ಸ್ಟೀರಿಂಗ್ ಲಾಕ್ ಬಿಗಿದಿದೆ. ಒಂದು ಕೈಯಲ್ಲಿ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸುತ್ತ ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ. ಆಟೋಮ್ಯಾಟಿಕ್ ಗಾಡಿಯಲ್ಲಿ ಕೀ ಹೊರಬರದಿದ್ದರೆ ಗೇರ್ 'ಪಿ'ಯಲ್ಲಿ ಇದೆಯೇ ನೋಡಿ. ಇಷ್ಟಕ್ಕೂ ಆಗದಿದ್ದರೆ ಎರಡನೇ ಕೀ ಹಾಕಿ. ಅದು ಸಲೀಸಾಗಿ ತಿರುಗಿದರೆ ಸವೆದಿರುವುದು ಮೊದಲ ಕೀ, ಬೀಗವಲ್ಲ. ಪ್ಲೈಯರ್ ಹಿಡಿದು ತಿರುಗಿಸಿದರೆ ಕೀ ಮುರಿಯುತ್ತದೆ.

ಕೀ ಬೀಗದೊಳಗೇ ಮುರಿದಿದೆ.

ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯುತ್ತೇನೆ ಅಂತ ಹೊರಡಬೇಡಿ, ಗೋಂದು ಹಲ್ಲುಗಳಿಗೆ ಇಳಿದರೆ ಬೀಗವೇ ಹೋಯಿತು. ಬೀಗವನ್ನು ಕೀ ಹೊರಬರುವ ನೆಟ್ಟಗಿನ ಸ್ಥಿತಿಗೆ ತನ್ನಿ. ಜಿಗ್‌ಸಾ ಗರಗಸದ ತೆಳು ಬ್ಲೇಡನ್ನು, ಹಲ್ಲು ಹೊರಮುಖವಾಗಿರುವಂತೆ, ಕೀ ತುಂಡಿನ ಪಕ್ಕ ತೂರಿಸಿ. ಸ್ವಲ್ಪ ತಿರುವಿ ಕಚ್ಚಿಸಿ ಎಳೆಯಿರಿ. ಎರಡೂ ತುಂಡು ಜೋಪಾನ ಮಾಡಿ, ಅವನ್ನು ಜೋಡಿಸಿಟ್ಟುಕೊಂಡು ಹೊಸ ಕಡ್ಡಿ ಕೊರೆಯಬಹುದು. ಚಿಪ್ಪಿರುವ ತಲೆ ನಿಮ್ಮ ಕೈಯಲ್ಲೇ ಇದೆಯಲ್ಲ, ಅದು ದೊಡ್ಡ ಸಮಾಧಾನ.

ಬೀಗಕ್ಕೆ ಎಣ್ಣೆ ಬಿಡಬಹುದಾ?

ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್ ಬೇಡವೇ ಬೇಡ. ಒಂದು ವಾರ ಬೆಣ್ಣೆಯ ಹಾಗೆ ತಿರುಗುತ್ತದೆ, ಆಮೇಲೆ ನಮ್ಮೂರಿನ ಧೂಳು ಅದಕ್ಕೆ ಅಂಟಿ ಕೆಸರಾಗುತ್ತದೆ. ಕೀ ತೂತಿಗೆ ಗ್ರಾಫೈಟ್ ಪುಡಿ ಒಳ್ಳೆಯದು. ಪೆನ್ಸಿಲ್ ಸೀಸವನ್ನು ಕೀ ಕಡ್ಡಿಗೆ ಚೆನ್ನಾಗಿ ತಿಕ್ಕಿ ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿದರೂ ಆಗುತ್ತದೆ. ಡಬ್ಲ್ಯುಡಿ-40 ಕೊಳೆ ಬಿಡಿಸಲು ಸರಿ, ಜಾರಿಕೆ ಅದರಿಂದ ಬಹಳ ದಿನ ಉಳಿಯುವುದಿಲ್ಲ. ಬಾಗಿಲ ಅಂಚಿನಲ್ಲಿದ್ದು ಅದನ್ನು ಮುಚ್ಚಿ ಹಿಡಿಯುವ ಲ್ಯಾಚ್ ಬೇರೆ ಮಾತು, ಅದಕ್ಕೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಮಳೆ ಹಿಡಿಯುವ ಮುಂಚೆ, ಏಪ್ರಿಲ್‌ನಲ್ಲಿ, ನಾನು ಐದೂ ಬಾಗಿಲಿಗೆ ಇದನ್ನು ಮಾಡಿ ಮುಗಿಸುತ್ತೇನೆ.

ಬಾಗಿಲ ಬೀಗ ನಾನೇ ಬದಲಿಸಬೇಕು. ಏನೇನು ಬೇಕು, ಹೇಗೆ ಮಾಡುವುದು?

ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಆರು ಮೂಲೆಯ ನಕ್ಷತ್ರದಂಥ ಟಾರ್ಕ್ಸ್ ಬಿಟ್‌ಗಳು, 10 ಎಂಎಂ ಸ್ಪ್ಯಾನರ್, ನೋಸ್ ಪ್ಲೈಯರ್, ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹೊದಿಕೆ) ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ. ಮೊದಲ ಸಲಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಮೋಡ ಕಟ್ಟಿದ ಸಂಜೆ ಶುರು ಮಾಡಬೇಡಿ.

ಗಾಜು ಪೂರ್ತಿ ಮೇಲಕ್ಕೆ ಏರಿಸಿ, ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಕೆಲವು ಕಾರುಗಳಲ್ಲಿ ಡೋರ್ ಪ್ಯಾಡ್ ತೆಗೆಯುವ ಅಗತ್ಯವೇ ಇಲ್ಲ: ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುವ ಪುಟ್ಟ ರಬ್ಬರ್ ಬಿರಡೆ ತೆಗೆದರೆ ಒಳಗೆ ಒಂದು ಸ್ಕ್ರೂ ಸಿಗುತ್ತದೆ, ಅದನ್ನು ಸಡಿಲಿಸಿದರೆ ಬೀಗದ ಸಿಲಿಂಡರ್ ಹೊರಗಿನಿಂದಲೇ ಬರುತ್ತದೆ. ನಿಮ್ಮದು ಆ ಬಗೆಯದಾದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಇಲ್ಲವಾದರೆ ಪ್ಯಾಡ್ ತೆಗೆಯಬೇಕು. ಒಳಹಿಡಿಯ ಹಿಂದೆ, ಕೈ ಇಡುವ ಜಾಗದ ಕೆಳಗೆ ಸ್ಕ್ರೂಗಳು ಅಡಗಿರುತ್ತವೆ. ಕೈಯಲ್ಲಿ ತಿರುಗಿಸುವ ಗಾಜಿನ ಹಿಡಿ ಇರುವ ಕಾರಾದರೆ ಹಿಡಿಯ ಹಿಂದೆ ಹಳೆ ಬಟ್ಟೆ ತೂರಿಸಿ, ಶೂ ಪಾಲಿಶ್ ಮಾಡುವ ಹಾಗೆ ಆಚೀಚೆ ಎಳೆಯಿರಿ. ಒಳಗಿನ ತಂತಿ ಕ್ಲಿಪ್ಪು ಬಟ್ಟೆಗೆ ಸಿಕ್ಕಿ ಟಪ್ ಅಂತ ಹಾರಿ ಬರುತ್ತದೆ. ಅದು ಎಲ್ಲಿ ಬೀಳುತ್ತದೆ ಅಂತ ನೋಡಲು ಪಕ್ಕಕ್ಕೆ ಯಾರನ್ನಾದರೂ ನಿಲ್ಲಿಸಿ. ಸ್ಕ್ರೂಗಳೆಲ್ಲ ಬಂದ ಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸುತ್ತ ಹೋಗಿ. ಹಳೆಯ ಕ್ಲಿಪ್‌ಗಳು ಒಂದೆರಡು ಮುರಿದೇ ಮುರಿಯುತ್ತವೆ, ಮೊದಲೇ ನಾಲ್ಕಾರು ತಂದಿಟ್ಟುಕೊಳ್ಳಿ. ಪ್ಯಾಡನ್ನು ಎಳೆದು ಕೀಳಬೇಡಿ, ಹಿಂದೆ ಗಾಜಿನ ಸ್ವಿಚ್ಚಿನ, ಸ್ಪೀಕರಿನ ವೈರುಗಳಿವೆ.

ಪ್ಯಾಡಿನ ಹಿಂದೆ ಕಪ್ಪು ಗೋಂದಿನಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಇದನ್ನು ಹರಿದು ಎಸೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲ ಹೊಟ್ಟೆಯೊಳಗೇ ಇಳಿದು ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕಾರಿನೊಳಕ್ಕೆ ಬರದ ಹಾಗೆ ತಡೆಯುವುದು ಈ ಹಾಳೆ. ಹಾಳೆ ಇಲ್ಲದ ಬಾಗಿಲಿನ ಕಾರು ಒಂದೇ ಮಳೆಗಾಲಕ್ಕೆ ಕಾರ್ಪೆಟ್ಟು ನೆನೆದು ನಾರುತ್ತದೆ.

ಈಗ ತೂತಿನಿಂದ ಕೈ ಹಾಕಿದರೆ ಬೀಗದ ಹಿಂಭಾಗ ಸಿಗುತ್ತದೆ. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ತೋಳಿರುವ ಅಂಗಿ, ಕೈಗವಸು ಇರಲಿ. ಮಾರುತಿ 800, ಓಮ್ನಿಯಂಥ ಹಳೆಯ ಗಾಡಿಗಳಲ್ಲಿ ಕುದುರೆ ಲಾಳದ ಆಕಾರದ ಕ್ಲಿಪ್ಪೊಂದು ಬೀಗವನ್ನು ಹಿಡಿದಿರುತ್ತದೆ, ನೋಸ್ ಪ್ಲೈಯರಿನಲ್ಲಿ ಎಳೆದರೆ ಬೀಗ ಹೊರಗೆ ಜಾರುತ್ತದೆ. ಬೀಗದಿಂದ ಲ್ಯಾಚಿಗೆ ಹೋಗುವ ತಂತಿ ಸರಳಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ಪನ್ನು ತಿರುಗಿಸಿ ಬಿಡಿಸಿ. ಬಿಡಿಸುವ ಮುಂಚೆ ಫೋಟೋ ತೆಗೆಯಿರಿ. ಹೊಸ ಬೀಗವನ್ನು, ಬಿಚ್ಚಿದ ಕ್ರಮವನ್ನೇ ತಿರುಗುಮುರುಗು ಮಾಡಿ, ಕೂರಿಸುತ್ತ ಬನ್ನಿ.

ಬಾಗಿಲೊಳಗೆ ಹಳದಿ ವೈರು ಇಲ್ಲವೇ ಏರ್‌ಬ್ಯಾಗ್ ಎಂದು ಬರೆದ ಸೆನ್ಸರ್ ಕಂಡರೆ ಅದನ್ನು ಮುಟ್ಟಬೇಡಿ.

ಕೆಲಸ ಮುಗಿಯಿತು. ಬಾಗಿಲು ಹಾಕಿ ನೋಡಲಾ?

ತಡೆಯಿರಿ! ಬಾಗಿಲು ತೆರೆದೇ ಇರಲಿ. ಸ್ಕ್ರೂಡ್ರೈವರಿನಿಂದ ಲ್ಯಾಚಿನ ನಾಲಿಗೆಯನ್ನು ಒತ್ತಿ, ಎರಡು ಸಲ ಕಟಕ್ ಅನ್ನುವವರೆಗೆ. ಬಾಗಿಲು ಮುಚ್ಚಿದೆ ಅಂತ ಲ್ಯಾಚು ತಿಳಿಯುತ್ತದೆ. ಈಗ ಹೊರಹಿಡಿ ಎಳೆಯಿರಿ, ನಾಲಿಗೆ ಹಾರಬೇಕು. ಮತ್ತೆ ಒತ್ತಿ, ಒಳಹಿಡಿ ಎಳೆಯಿರಿ. ಮತ್ತೆ ಒತ್ತಿ, ಕೀಯಲ್ಲಿ ಲಾಕ್ ಮಾಡಿ ತೆಗೆಯಿರಿ. ಮೂರೂ ಸರಿಯಿದ್ದರೆ ಮಾತ್ರ, ಹಿಡಿ ಎಳೆದು ನಾಲಿಗೆ ಬಿಡಿಸಿಕೊಂಡು, ಬಾಗಿಲು ಹಾಕಿ.

ನನ್ನ ಮೊದಲ ಬೀಗದ ಕೆಲಸದಲ್ಲಿ ಇದು ಗೊತ್ತಿರಲಿಲ್ಲ. ಸರಳಿನ ಕ್ಲಿಪ್ಪು ಪೂರ್ತಿ ಕೂತಿರಲಿಲ್ಲ, ಪ್ಯಾಡ್ ಹಾಕಿ ಬಾಗಿಲು ದಬ್ಬಿದೆ. ಒಳಗಿನಿಂದಲೂ ಬರಲಿಲ್ಲ, ಹೊರಗಿನಿಂದಲೂ ಬರಲಿಲ್ಲ. ಮುಚ್ಚಿದ ಬಾಗಿಲಿನ ಪ್ಯಾಡ್ ತೆಗೆಯಬೇಕಾದರೆ ಸೀಟು ಬಿಚ್ಚಿ, ಕಾಲು ಮಡಚಿ ಕೂತು ಎರಡು ಗಂಟೆ ಒದ್ದಾಡಬೇಕಾಯಿತು. ನಮ್ಮಪ್ಪ ಟಾರ್ಚ್ ಹಿಡಿದು ಅಷ್ಟು ಹೊತ್ತೂ ಹಿಂದಿನ ಸೀಟಿನಲ್ಲಿ ಕೂತಿದ್ದರು.

ಎಲ್ಲ ಬಾಗಿಲೂ ಒಳಗಿನಿಂದ ತೆರೆಯಲೇಬೇಕಾ? ನಮ್ಮದರಲ್ಲಿ ಒಂದು ಹಿಂಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ.

ಮೊದಲು ಚೈಲ್ಡ್ ಲಾಕ್ ಹಾಕಿದೆಯೇ ನೋಡಿ, ಹಿಂಬಾಗಿಲ ಅಂಚಿನಲ್ಲಿ ಪುಟ್ಟ ಗುಬುಟು ಇರುತ್ತದೆ. ಅದಲ್ಲವಾದರೆ ಒಳಹಿಡಿಯ ಕೇಬಲ್ಲು ಕಳಚಿದೆ, ಇಲ್ಲವೇ ತುಂಡಾಗಿದೆ. ಇದನ್ನು ಮುಂದಕ್ಕೆ ಹಾಕಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ಮಳೆನೀರಿನಲ್ಲಿ ಕಾರು ಸಿಕ್ಕಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡದ್ದನ್ನು ಈ ಊರಿನವರು ಮರೆತಿಲ್ಲ. ನೀರು ನುಗ್ಗಿದಾಗ ಗಾಜಿನ ಮೋಟರು, ಸೆಂಟ್ರಲ್ ಲಾಕು ಕೈಕೊಡಬಹುದು. ಆಗ ಉಳಿಯುವುದು ಕೈಯಿಂದ ಎಳೆಯುವ ಹಿಡಿ ಒಂದೇ. ನೀರು ಬಾಗಿಲಿಗೆ ಏರುವ ಮುಂಚೆಯೇ ಇಳಿದುಬಿಡಬೇಕು, ಇಳಿಯಲು ನಾಲ್ಕೂ ಬಾಗಿಲು ಒಳಗಿನಿಂದ ತೆರೆಯಬೇಕು.

ಒಂದೇ ಬಾಗಿಲಿಗೆ ಹೊಸ ಬೀಗ ಹಾಕಿದರೆ ಎರಡು ಕೀ ಇಟ್ಟುಕೊಂಡು ಓಡಾಡಬೇಕಾ?

ಬೇಕಿಲ್ಲ. ಕಾರಿನ ಬೀಗದೊಳಗೆ ಹಿತ್ತಾಳೆಯ ತೆಳು ಬಿಲ್ಲೆಗಳು ಸಾಲಾಗಿರುತ್ತವೆ. ಒಂದೊಂದರ ಕಿಂಡಿಯೂ ಒಂದೊಂದು ಎತ್ತರದಲ್ಲಿ. ನಿಮ್ಮ ಹಳೆಯ ಕೀ ಹಾಕಿದಾಗ ಎಲ್ಲ ಬಿಲ್ಲೆಗಳೂ ಸಿಲಿಂಡರಿನ ಮೈಗೆ ಸಮವಾಗುವಂತೆ ಅವನ್ನು ಅದಲುಬದಲು ಮಾಡಿದರೆ ಹೊಸ ಬೀಗಕ್ಕೂ ಹಳೆಯ ಕೀ ಹೊಂದುತ್ತದೆ. ಬಿಲ್ಲೆಯ ಕೆಳಗಿನ ಸ್ಪ್ರಿಂಗು ಕೂದಲಿನಷ್ಟು ಸಣ್ಣ, ಹಾರಿದರೆ ಸಿಗುವುದಿಲ್ಲ. ಸಿಲಿಂಡರನ್ನು ನೀವು ಬಿಚ್ಚಿ ತಂದು, ಅನುಭವವಿರುವ ಬೀಗ ರಿಪೇರಿಯವರ ಮುಂದೆ ಹಳೆಯ ಕೀ ಜೊತೆ ಇಟ್ಟರೆ ಅವರು ಹೊಂದಿಸಿ ಕೊಡುತ್ತಾರೆ. ಕಾರು ಅಲ್ಲಿಗೆ ಒಯ್ಯುವ ಕೆಲಸವೇ ಇಲ್ಲ.

ರಿಮೋಟ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗುತ್ತವೆ, ಒಂದು ಆಗುವುದಿಲ್ಲ.

ಆ ಬಾಗಿಲಿಗೆ ಕಿವಿಯಿಟ್ಟು ಇನ್ನೊಬ್ಬರ ಕೈಲಿ ರಿಮೋಟ್ ಒತ್ತಿಸಿ. ನವಿರಾಗಿ ಗುಯ್ ಅಂದು ಸುಮ್ಮನಾದರೆ ಸೆಂಟ್ರಲ್ ಲಾಕ್ ಮೋಟರಿನ ಒಳಗಿನ ಹಲ್ಲು ಸವೆದಿದೆ. ಸದ್ದೇ ಇಲ್ಲದಿದ್ದರೆ ಬಹುಶಃ ಕರೆಂಟ್ ಬರುತ್ತಿಲ್ಲ. ಬಾಗಿಲಿಗೂ ಕಾರಿನ ಮೈಗೂ ನಡುವೆ ಸೊಂಡಿಲಿನಂಥ ರಬ್ಬರ್ ಕೊಳವೆ ಇದೆಯಲ್ಲ, ಅದರೊಳಗಿನ ವೈರು ಬಾಗಿಲು ತೆರೆದು ಮುಚ್ಚಿ ವರ್ಷಗಟ್ಟಲೆ ಮಡಚಿ ತುಂಡಾಗಿರಬಹುದು. ಅಲ್ಲಿ ನೋಡದೆ ಮೋಟರ್ ಕೊಳ್ಳಬೇಡಿ.

ಇಗ್ನಿಷನ್ ಬೀಗವನ್ನೂ ಮನೆಯಲ್ಲೇ ಬದಲಿಸಬಹುದಾ?

ಇದನ್ನು ನಾನು ಬೇಡ ಅನ್ನುತ್ತೇನೆ. ಎಷ್ಟೋ ಕಾರುಗಳಲ್ಲಿ ಕೀಯನ್ನು 'ಎಸಿಸಿ' ಅಂತ ಬರೆದ ಮೊದಲ ಗುರುತಿಗೆ ತಿರುಗಿಸಿ ಸಣ್ಣ ಪಿನ್ ಒತ್ತಿದರೆ ಸಿಲಿಂಡರ್ ಬರುತ್ತದೆ, ಕೇಳಲು ಸುಲಭ. ಆದರೆ ಪೂರ್ತಿ ಬೀಗದ ಮನೆಯನ್ನು ಹಿಡಿದಿರುವ ಬೋಲ್ಟ್‌ಗಳ ತಲೆ ಬಿಗಿಯುವಾಗಲೇ ಮುರಿಯುವಂತೆ ಮಾಡಿರುತ್ತಾರೆ, ಕಳ್ಳರು ಬಿಚ್ಚಬಾರದು ಅಂತ. ಅವನ್ನು ಕೊರೆದೇ ತೆಗೆಯಬೇಕು. ಜೊತೆಗೆ ಅದೇ ಜಾಗದಲ್ಲಿ ಏರ್‌ಬ್ಯಾಗ್ ವೈರಿಂಗ್ ಇದೆ, 2019ರ ಜುಲೈನಿಂದ ತಯಾರಾದ ಪ್ರತಿ ಕಾರಿನಲ್ಲೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಬೀಗ ಸರಿಯಾಗಿ ಕೂರದೆ ಓಡುವಾಗ ಸ್ಟೀರಿಂಗ್ ಲಾಕ್ ಆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನುರಿತವರ ಕೈಗೆ ಕೊಡಿ.

ಬಿಡಿಭಾಗ ಎಲ್ಲಿ ಕೊಳ್ಳುವುದು?

ಕಂಪನಿ ಬಿಡಿಭಾಗದ ಅಂಗಡಿಯಲ್ಲಿ ಛಾಸಿಸ್ ನಂಬರ್ ಹೇಳಿ ತೆಗೆದುಕೊಂಡರೆ ತಪ್ಪು ಬರುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಲಾಕ್ ಸೆಟ್ಟು, ಲ್ಯಾಚು, ಹಿಡಿ, ಕ್ಲಿಪ್ಪು ಎಲ್ಲ ಸಿಗುತ್ತದೆ, ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ ಹೋಲಿಸಿ. ಎಡ ಬಾಗಿಲ ಲ್ಯಾಚು ಬಲಕ್ಕೆ ಆಗುವುದಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಕಮ್ಮಿಗೆ ಬರುತ್ತದೆ ನಿಜ. ಲ್ಯಾಚು, ಹಿಡಿಯಂಥದ್ದನ್ನು ನಾನೂ ಅಲ್ಲಿಂದ ತಂದಿದ್ದೇನೆ, ಬಿಲ್ ಕೇಳಿ ಪಡೆದು. ಬೀಗ, ಕೀ, ಇಮೊಬಿಲೈಸರ್ ಮಾತ್ರ ತರುವುದಿಲ್ಲ. ಅದು ಯಾವ ಕಾರಿನದು, ಅದರ ಇನ್ನೊಂದು ಕೀ ಯಾರ ಜೇಬಿನಲ್ಲಿದೆ ಅಂತ ಯಾರು ಹೇಳಬೇಕು?

ಕೀ ಒಳಗೇ ಉಳಿದು ಬಾಗಿಲು ಲಾಕ್ ಆಗಿದೆ. ಸ್ಕೇಲ್ ಹಾಕಿ ತೆಗೆಯಲಾ?

ಹಳೆಯ ಗಾಡಿಗಳ ಕಾಲದ ಉಪಾಯ ಅದು. ಈಗಿನ ಬಾಗಿಲಿನಲ್ಲಿ ವೈರು, ಸೆನ್ಸರು, ಮುಚ್ಚಿದ ಲ್ಯಾಚು ಇರುವುದರಿಂದ ಸ್ಕೇಲಿಗೆ ಏನೂ ಸಿಗುವುದಿಲ್ಲ, ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ಹರಿಯುತ್ತದೆ. ವಿಮೆಯ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅವರಿಗೆ ಫೋನ್ ಮಾಡಿ.

ಒಳಗೆ ಮಗು ಇದ್ದರೆ ಯಾರಿಗೂ ಕಾಯಬೇಡಿ. ಬಿಸಿಲಲ್ಲಿ ನಿಂತ ಕಾರು ಹತ್ತಿಪ್ಪತ್ತು ನಿಮಿಷದಲ್ಲೇ ಅಪಾಯದ ಮಟ್ಟಕ್ಕೆ ಕಾಯುತ್ತದೆ, ನಮ್ಮೂರಿನ ಹವಾ ತಂಪು ಅನ್ನುವ ಧೈರ್ಯ ಬೇಡ. ಮಗುವಿನಿಂದ ದೂರದ ಪಕ್ಕದ ಗಾಜನ್ನು ಆರಿಸಿ, ಅದರ ಮೂಲೆಗೆ ಸ್ಪ್ಯಾನರಿನಂಥ ಗಟ್ಟಿ ಲೋಹದಿಂದ ಹೊಡೆಯಿರಿ. ಪಕ್ಕದ ಗಾಜು ಸಾಮಾನ್ಯವಾಗಿ ಕಾಳುಕಾಳಾಗಿ ಉದುರುತ್ತದೆ. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ, ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟು ಹಾಗೇ ನಿಲ್ಲುತ್ತದೆ. ಪಕ್ಕದಲ್ಲಿದ್ದವರ ಕೈಲಿ 112ಕ್ಕೆ ಕರೆ ಮಾಡಿಸಿ.

ಕೀ ಕಳೆದದ್ದಕ್ಕೆ ವಿಮೆ ಬರುತ್ತದಾ?

ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. 'ಕೀ ರೀಪ್ಲೇಸ್‌ಮೆಂಟ್' ಅಂತ ಬೇರೆ ಕವರ್ ಸೇರಿಸಿಕೊಂಡಿದ್ದರೆ ಬರುತ್ತದೆ, ಮಿತಿ ಎಷ್ಟು, ಪೊಲೀಸ್ ದೂರು ಬೇಕಾ ಎಂಬುದನ್ನು ಪಾಲಿಸಿ ಕಾಗದದಲ್ಲಿ ನೋಡಿ. ಇದಕ್ಕಿಂತ ಮುಖ್ಯವಾದದ್ದೊಂದಿದೆ. ಕಾರೇ ಕಳವಾದರೆ ವಿಮೆಯವರು ಎಲ್ಲ ಮೂಲ ಕೀಗಳನ್ನೂ ಒಪ್ಪಿಸಲು ಕೇಳುತ್ತಾರೆ. ಒಂದು ಎಂದೋ ಕಳೆದುಹೋಗಿ ಅದಕ್ಕೆ ದಾಖಲೆ ಇಲ್ಲದಿದ್ದರೆ ಆಗ ಉತ್ತರ ಕೊಡುವುದು ಕಷ್ಟ. ಕೀ ಕಳೆದ ದಿನವೇ ದೂರು ದಾಖಲಿಸಿ ಅಂತ ಹೇಳುವುದು ಇದಕ್ಕೇ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೇನೆ, ಒಂದೇ ಕೀ ಕೊಟ್ಟರು.

ದುಡ್ಡು ಕೊಡುವ ಮುಂಚೆಯೇ ಎರಡನೆಯದನ್ನು ಕೇಳಬೇಕಿತ್ತು. ಇಲ್ಲ ಅಂದರೆ ಅಷ್ಟನ್ನು ಬೆಲೆಯಲ್ಲಿ ಕಳೆಯಬೇಕಿತ್ತು. ಈಗ ಆರ್‌ಸಿ ನಿಮ್ಮ ಹೆಸರಿಗೆ ಬಂದ ಕೂಡಲೇ ಸರ್ವಿಸ್ ಸೆಂಟರಿಗೆ ಹೋಗಿ, ಕಾರಿಗೆ ಎಷ್ಟು ಕೀ ಸೇರಿವೆ ಅಂತ ಸ್ಕ್ಯಾನರಿನಲ್ಲಿ ನೋಡಿಸಿ. ಎಲ್ಲ ಅಳಿಸಿ ನಿಮ್ಮ ಕೈಯಲ್ಲಿರುವುದನ್ನೂ ಹೊಸದನ್ನೂ ಸೇರಿಸಲು ಹೇಳಿ.

ಎರಡನೇ ಕೀ ಎಲ್ಲಿಡುವುದು?

ಕಾರಿನೊಳಗೆ ಖಂಡಿತ ಬೇಡ, ಬಂಪರಿನ ಹಿಂದೆ ಮ್ಯಾಗ್ನೆಟ್ ಡಬ್ಬಿಯಲ್ಲೂ ಬೇಡ. ಸ್ಮಾರ್ಟ್ ಕೀ ಆದರೆ ಹೊರಬಾಗಿಲ ಪಕ್ಕದ ಮೊಳೆಗೂ ನೇತುಹಾಕಬೇಡಿ, ಅದರ ಅಲೆಯನ್ನು ಗೋಡೆಯಾಚೆಯಿಂದ ಹಿಗ್ಗಿಸಿ ಕಾರು ಒಯ್ಯುವ ವಿದ್ಯೆ ಕಳ್ಳರಿಗೆ ಬಂದಿದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ, ಡಬ್ಬಿಯೊಳಗಿನ ಕೀಗೆ ಕಾರು ಸ್ಪಂದಿಸುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಂಬರ್ ಬಿಲ್ಲೆಯ ಜೊತೆ ಬೀರುವಿನಲ್ಲಿಡಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಜಾಗ ಗೊತ್ತಿರಲಿ. ಆರು ತಿಂಗಳಿಗೊಮ್ಮೆ ಹೊರತೆಗೆದು ಒಂದು ದಿನ ಅದರಲ್ಲೇ ಗಾಡಿ ಓಡಿಸಿ, ಬ್ಯಾಟರಿ ಸತ್ತಿದ್ದರೆ ಆಗಲೇ ಗೊತ್ತಾಗುತ್ತದೆ.